ಹಕ್ಕಳೆ ಎದ್ದ ಕಾರಿಗೆ ಪಾಲಿಶ್ ಮದ್ದಲ್ಲ

ಬೇಸಿಗೆ ಕಳೆಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕ್ಲಚ್ಚು, ಬ್ಯಾಟರಿ, ಮೈಲೇಜುಗಳ ವಿಚಾರ ಹಿಂದೆ ಸರಿದು ಬಣ್ಣದ ವಿಚಾರವೇ ಮುಂದೆ ಬರುತ್ತದೆ. ಬಾನೆಟ್ ಮೇಲೆ ಬಿಳಿ ಮಚ್ಚೆ, ಮಚ್ಚೆಯ ಅಂಚಿನಲ್ಲಿ ತೆಳ್ಳನೆಯ ಹಕ್ಕಳೆ, ಉಗುರು ತಾಗಿಸಿದರೆ ಕಿತ್ತು ಬರುವ ಪೊರೆ. ಈ ಸಲ ಅಂಥ ಪತ್ರಗಳನ್ನೇ ಒಟ್ಟಿಗೆ ಆರಿಸಿಕೊಂಡಿದ್ದೇನೆ. ಶಿವಮೊಗ್ಗದಲ್ಲಿ ಪೇಂಟಿಂಗ್ ಶೆಡ್ ನಡೆಸಿಕೊಂಡು, ಸ್ಪ್ರೇ ಗನ್ ಹಿಡಿದೇ ಸಂಸಾರ ಸಾಗಿಸಿದವನು ನಾನು. ಕೈಯಾರೆ ಮಾಡಿ ಕಲಿತದ್ದನ್ನು ಬರೆಯುತ್ತೇನೆ. ಕೊನೆಯ ಪತ್ರವನ್ನು ಕಾರು ಇಲ್ಲದವರೂ ದಯವಿಟ್ಟು ಓದಬೇಕು.

ಪ್ರಶ್ನೆ: ನನ್ನದು ಹನ್ನೊಂದು ವರ್ಷ ಹಳೆಯದಾದ, ಬೆಳ್ಳಿ ಬಣ್ಣದ ಸಣ್ಣ ಕಾರು. ಮನೆಯ ಮುಂದೆ ಬಯಲಿನಲ್ಲೇ ನಿಲ್ಲುತ್ತದೆ. ಟಾಪ್ ಮತ್ತು ಬಾನೆಟ್ ಮೇಲೆ ಸುಣ್ಣ ಚೆಲ್ಲಿದ ಹಾಗೆ ಮಚ್ಚೆಗಳಾಗಿ ಸಿಪ್ಪೆ ಏಳುತ್ತಿದೆ. ಬಾಗಿಲುಗಳು ಈಗಲೂ ಹೊಳೆಯುತ್ತಿವೆ. ಒಬ್ಬರು ಪಾಲಿಶ್ ಸಾಕು ಎಂದರು. ಇನ್ನೊಬ್ಬರು ಸೆರಾಮಿಕ್ ಕೋಟಿಂಗ್ ಮಾಡಿಸಿ ಎಂದರು. ಮೂರನೆಯವರು ಇಡೀ ಕಾರಿಗೆ ಬಣ್ಣ ಹೊಡೆಯಲೇಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟರೇ, ಮೂವರ ಮಾತನ್ನೂ ಪಕ್ಕಕ್ಕಿಡಿ. ಟಾಪ್ ಮತ್ತು ಬಾನೆಟ್ ಇವೆರಡಕ್ಕೆ ಮಾತ್ರ ಬಣ್ಣ ಹೊಡೆಸಿ. ಹೊಳೆಯುತ್ತಿರುವ ಬಾಗಿಲುಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಕಾರ್ಖಾನೆಯ ಬಣ್ಣದಷ್ಟು ಗಟ್ಟಿಯಾದದ್ದನ್ನು ನಮ್ಮಂಥ ಶೆಡ್ಡುಗಳಲ್ಲಿ ಹೊಡೆಯುವುದು ಕಷ್ಟ. ಚೆನ್ನಾಗಿರುವುದನ್ನು ಉಜ್ಜಿ ತೆಗೆಸಿಕೊಂಡರೆ ನಿಮಗೇ ನಷ್ಟ.

ಏಕೆ ಹೀಗಾಯಿತು ಎಂಬುದನ್ನು ಹೇಳುತ್ತೇನೆ. ನಿಮ್ಮ ಕಾರಿನ ತಗಡಿನ ಮೇಲೆ ಒಂದೇ ಬಣ್ಣವಿಲ್ಲ. ಮೊದಲು ಫಾಸ್ಫೇಟ್ ಸಂಸ್ಕರಣೆ ಆಗಿರುತ್ತದೆ. ಅದರ ಮೇಲೆ, ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಹಿಡಿಸಿದ ಪ್ರೈಮರ್ ಎಂಬ ಅಡಿಪದರ, ತುಕ್ಕು ತಡೆಯುವುದಕ್ಕೆ. ಆಮೇಲೆ ನುಣುಪಿಗಾಗಿ ಇನ್ನೊಂದು ಪ್ರೈಮರ್. ಅದರ ಮೇಲೆ ನೀವು ಕಾಣುವ ಬೆಳ್ಳಿ ಬಣ್ಣ. ಅದು ಕೇವಲ 15 ಮೈಕ್ರಾನ್ ಆಸುಪಾಸು. 1,000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ, ಸುಮಾರು 40 ಮೈಕ್ರಾನ್. ಇದನ್ನೇ ನಾವು ಕ್ಲಿಯರ್ ಎನ್ನುತ್ತೇವೆ, ಹಳಬರು ಲ್ಯಾಕರ್ ಎನ್ನುತ್ತಾರೆ. ಹೊಳಪು ಕೊಡುವುದೂ ಬಿಸಿಲು ಮಳೆಗಳ ಪೆಟ್ಟು ತಿನ್ನುವುದೂ ಇದೇ.

ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನು ಕ್ಲಿಯರ್‌ನಲ್ಲಿ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅವು ಸವೆದುಹೋಗುತ್ತವೆ. ಆಮೇಲೆ ಕಿರಣಗಳು ಕ್ಲಿಯರ್ ದಾಟಿ, ಅದು ಬಣ್ಣಕ್ಕೆ ಅಂಟಿಕೊಂಡಿರುವ ಜಾಗಕ್ಕೇ ತಲುಪುತ್ತವೆ. ಅಲ್ಲಿ ಹಿಡಿತ ಸಡಿಲವಾಗುತ್ತದೆ. ಹಗಲು ಕಾದು ರಾತ್ರಿ ತಣಿಯುವ ತಗಡು ದಿನವೂ ಹಿಗ್ಗಿ ಕುಗ್ಗಿ ಸಣ್ಣ ಬಿರುಕು ಬಿಡಿಸುತ್ತದೆ, ಬಿರುಕಿನಿಂದ ನೀರು ಒಳಗೆ ಇಳಿಯುತ್ತದೆ, ಪದರ ಮೇಲೇಳುತ್ತದೆ. ಟಾಪ್, ಬಾನೆಟ್, ಡಿಕ್ಕಿಯ ಮೇಲ್ಭಾಗ ಆಕಾಶಕ್ಕೆ ಮುಖ ಮಾಡಿರುವುದರಿಂದ ಮೊದಲ ಪೆಟ್ಟು ಅವುಗಳಿಗೆ. ಬಾಗಿಲುಗಳು ನೆಟ್ಟಗೆ ನಿಂತಿರುತ್ತವೆ, ಆದ್ದರಿಂದ ಉಳಿದುಕೊಂಡಿವೆ. ಬಯಲುಸೀಮೆಯಲ್ಲಿ ಹನ್ನೊಂದು ವರ್ಷ ನೆರಳಿಲ್ಲದೆ ನಿಂತ ಕಾರಿಗೆ ಇದು ವಯೋಸಹಜ. ಕಂಪನಿಯನ್ನಾಗಲಿ ನಿಮ್ಮ ಆರೈಕೆಯನ್ನಾಗಲಿ ದೂರಬೇಕಾಗಿಲ್ಲ.

ಇನ್ನು ಪಾಲಿಶ್. ಪಾಲಿಶ್ ಎಂದರೆ ಇರುವ ಕ್ಲಿಯರ್ ಅನ್ನು ತೀರಾ ತೆಳುವಾಗಿ ಕೊರೆದು ನುಣುಪು ಮಾಡುವುದು. ನಿಮ್ಮ ಮಚ್ಚೆಯ ಜಾಗದಲ್ಲಿ ಕ್ಲಿಯರ್ ಹೋಗಿಯೇಬಿಟ್ಟಿದೆ. ಇಲ್ಲದಿರುವುದನ್ನು ಹೊಳೆಸುವುದು ಹೇಗೆ? ಅಷ್ಟೇ ಆಗಿದ್ದರೆ ಹಣ ದಂಡವಾಯಿತು ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಬಫಿಂಗ್ ಯಂತ್ರದ ಪ್ಯಾಡು ಎದ್ದ ಅಂಚಿಗೆ ಸಿಕ್ಕಿಕೊಂಡರೆ ಇನ್ನಷ್ಟು ಪೊರೆಯನ್ನು ಹರಿದುಕೊಂಡೇ ಹೋಗುತ್ತದೆ. ಸೆರಾಮಿಕ್ ಕೋಟಿಂಗ್ ಒಳ್ಳೆಯ ಬಣ್ಣದ ಮೇಲೆ ಹಾಕಬೇಕಾದ ತೀರಾ ತೆಳುವಾದ ರಕ್ಷೆ. ಕೆಳಗೆ ಸಡಿಲವಾದ ಪದರವನ್ನು ಅದು ಹಿಡಿದು ಅಂಟಿಸುವುದಿಲ್ಲ. ನಿಮ್ಮ ಟಾಪ್ ಮೇಲೆ ಅದನ್ನು ಹಾಕಿಸಿದರೆ ಮುಂದೆ ಬಣ್ಣ ಹೊಡೆಯುವವನು ಆ ಗಟ್ಟಿ ಪದರವನ್ನೂ ಉಜ್ಜಿ ತೆಗೆಯಬೇಕು, ಅದಕ್ಕೂ ನೀವೇ ಕೂಲಿ ಕೊಡಬೇಕು. ನಿವೃತ್ತಿ ವೇತನದಲ್ಲಿ ಬದುಕುವವರಿಗೆ ಹಕ್ಕಳೆ ಎದ್ದ ಬಾನೆಟ್ ತೋರಿಸಿ ಇದನ್ನು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಾಡಬೇಕಾದ ಕೆಲಸ ಹೀಗಿದೆ. ಮೊದಲು ಸೋಪು ನೀರಿನಲ್ಲಿ ತೊಳೆದು, ವ್ಯಾಕ್ಸ್ ಮತ್ತು ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಬೇಕು. ಜಿಡ್ಡು ತೆಗೆಯದೆ ಉಜ್ಜಿದರೆ ಅದು ಗೀರುಗಳ ಒಳಕ್ಕೇ ಹೊಕ್ಕು ಕೂರುತ್ತದೆ. ಆಮೇಲೆ 320 ನಂಬರ್ ಉಜ್ಜುಕಾಗದದಿಂದ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು) ಎದ್ದ ಕ್ಲಿಯರ್ ತೆಗೆಯಬೇಕು. ಕಣ್ಣಿಗೆ ಕಾಣುವ ಹಕ್ಕಳೆಯಷ್ಟನ್ನೇ ತೆಗೆದು ನಿಲ್ಲಿಸುವವರೇ ಹೆಚ್ಚು. ಅದರ ಸುತ್ತ ಗಟ್ಟಿಯಾಗಿರುವಂತೆ ತೋರುವ ಭಾಗವೂ ಒಳಗೆ ಬಿಟ್ಟುಕೊಂಡಿರುತ್ತದೆ. ನನ್ನ ಶೆಡ್ಡಿನಲ್ಲಿ ಉಜ್ಜಿದ ಅಂಚಿನ ಮೇಲೆ ಬಿಗಿಯಾದ ಟೇಪ್ ಅಂಟಿಸಿ ಫಕ್ಕನೆ ಎಳೆಯುತ್ತೇವೆ. ಟೇಪಿನ ಜೊತೆ ಪೊರೆ ಬಂದರೆ ಮತ್ತೆ ಉಜ್ಜುವುದು. ಏನೂ ಬಾರದ ತನಕ ಇದೇ ಕೆಲಸ. ನಿಮ್ಮ ಟಾಪಿನಂಥದ್ದರಲ್ಲಿ ಬಹುಪಾಲು ಕ್ಲಿಯರ್ ಹೋಗಿಯೇಬಿಡುತ್ತದೆ. ಹೋಗಲಿ.

ಬಳಿಕ 400, 500 ನಂಬರುಗಳಲ್ಲಿ ಅಂಚುಗಳನ್ನು ಇಳಿಜಾರು ಮಾಡಬೇಕು. ಎಲ್ಲಾದರೂ ತಗಡು ಕಂಡಿದ್ದರೆ ಅಲ್ಲಿಗೆ ಎಪಾಕ್ಸಿ ಪ್ರೈಮರ್. ಅದರ ಮೇಲೆ ಹಾರ್ಡ್ನರ್, ಅಂದರೆ ಗಟ್ಟಿಯಾಗಿಸುವ ದ್ರವ, ಬೆರೆಸಿದ ಸರ್ಫೇಸರ್ ಎಂಬ, ಮೇಲ್ಮೈ ಸಮಮಾಡುವ ಪ್ರೈಮರ್. ಅದು ಒಣಗಿದ ಮೇಲೆ ಮರದ ಅಥವಾ ರಬ್ಬರಿನ ಸಮತಟ್ಟಾದ ತುಂಡನ್ನು ಪೇಪರಿನ ಹಿಂದಿಟ್ಟುಕೊಂಡು ನೀರು ಹಾಕಿ 800ರಲ್ಲಿ ಉಜ್ಜುವುದು. ಈ ಹಂತಕ್ಕೆ ನೀವೇ ಹೋಗಿ. ಕಣ್ಣು ಮುಚ್ಚಿ ಅಂಗೈ ಸವರಿ ನೋಡಿ. ಹಳೆಯ ಪದರದ ಅಂಚು ಮೆಟ್ಟಿಲಿನಂತೆ ಕೈಗೆ ಸಿಕ್ಕರೆ ಬಣ್ಣದ ಮೇಲೂ ಅದು ಕಂಡೇ ಕಾಣುತ್ತದೆ. ಇನ್ನೊಮ್ಮೆ ಉಜ್ಜಲು ಹೇಳಿ. ‘ಬಣ್ಣ ಹೊಡೆಯುವ ಮುನ್ನ ನನ್ನನ್ನು ಕರೆಯಿರಿ’ ಎಂದು ಗಾಡಿ ಬಿಡುವಾಗಲೇ ಹೇಳಿದ ಗಿರಾಕಿಯ ಕೆಲಸ ಯಾವ ಶೆಡ್ಡಿನಲ್ಲೂ ಸ್ವಲ್ಪ ಹೆಚ್ಚು ಜೋಪಾನವಾಗಿಯೇ ನಡೆಯುತ್ತದೆ. ಬಣ್ಣ ಸಿಂಪಡಿಸುವುದು ಗಂಟೆಗಳ ಕೆಲಸ, ಉಜ್ಜುವುದು ದಿನಗಳ ಕೆಲಸ. ನಿಮ್ಮ ದುಡ್ಡು ಹೋಗುವುದು, ಹೋಗಬೇಕಾದದ್ದು ಉಜ್ಜುವುದಕ್ಕೆ.

ಬಣ್ಣದ ಕೋಡ್ ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಚೀಟಿಯಲ್ಲಿರುತ್ತದೆ. ಆದರೆ ಕೋಡ್ ಹೊಸ ಕಾರಿನದು, ನಿಮ್ಮ ಬೆಳ್ಳಿ ಹನ್ನೊಂದು ವರ್ಷ ಬಿಸಿಲುಂಡದ್ದು. ಬೆಳ್ಳಿ ಬಣ್ಣದಲ್ಲಿ ಅಲ್ಯೂಮಿನಿಯಂ ಕಣಗಳಿರುವುದರಿಂದ ಗನ್ನಿನ ಒತ್ತಡ, ದೂರ ಬದಲಾದರೂ ಛಾಯೆ ಬದಲಾಗುತ್ತದೆ. ಆದ್ದರಿಂದ ಮೊದಲು ಒಂದು ಕಾರ್ಡಿನ ಮೇಲೆ ಬಣ್ಣ ಮತ್ತು ಕ್ಲಿಯರ್ ಎರಡನ್ನೂ ಹೊಡೆದು, ಒಣಗಿಸಿ, ಹಗಲು ಬೆಳಕಿನಲ್ಲಿ ಬಾಗಿಲಿನ ಪಕ್ಕ ಹಿಡಿದು ತೋರಿಸಲು ಕೇಳಿ. ಟಾಪ್ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ. ಅನೇಕ ಸಣ್ಣ ಕಾರುಗಳ ಟಾಪಿನ ಎರಡೂ ಬದಿಗೆ ಉದ್ದಕ್ಕೆ ಕಪ್ಪು ರಬ್ಬರ್ ಪಟ್ಟಿ ಇರುತ್ತದೆ. ಪಟ್ಟಿ ತೆಗೆದು ಆ ಕಾಲುವೆಯ ತನಕ ಹೊಡೆದು ನಿಲ್ಲಿಸಿದರೆ ಗೆರೆಯೇ ಕಾಣದು. ಕ್ಲಿಯರ್ ಅನ್ನು ಪ್ಯಾನಲ್ಲಿನ ನಡುವೆ ಎಂದೂ ನಿಲ್ಲಿಸಬಾರದು. ‘ಮಚ್ಚೆಯಷ್ಟಕ್ಕೇ ಟಚ್ ಮಾಡಿ ಫೇಡ್ ಮಾಡುತ್ತೇನೆ’, ಅಂದರೆ ಅಂಚನ್ನು ತೆಳುವಾಗಿಸುತ್ತಾ ಹಳೆಯದರಲ್ಲಿ ಸೇರಿಸುತ್ತೇನೆ, ಎನ್ನುವವರು ಕಡಿಮೆ ಹಣ ಹೇಳುತ್ತಾರೆ. ಆ ಫೇಡ್ ಮಾಡಿದ ತೆಳು ಅಂಚೇ ಮತ್ತೆ ಮೊದಲು ಏಳುತ್ತದೆ.

ಪ್ರಶ್ನೆ: ನನ್ನ ಬಿಳಿ ಕಾರನ್ನು ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ಹೊಳಪು ಪೂರ್ತಿ ಹೋಗಿದೆ. ಹಕ್ಕಳೆ ಮಾತ್ರ ಎಲ್ಲೂ ಇಲ್ಲ. ಇದೂ ಕ್ಲಿಯರ್ ಹೋಗುವ ಲಕ್ಷಣವೇ?
– ಓದುಗರು, ಕಲಬುರಗಿ

ಉತ್ತರ: ಅಲ್ಲ, ಸಂತೋಷಪಡಿ. ಬಿಳಿ ಬಟ್ಟೆಯ ಬದಲು ಕಪ್ಪು ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ಹಚ್ಚಿ ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಬಿಳಿ ಬಣ್ಣ ಧಾರಾಳವಾಗಿ ಹತ್ತಿದರೆ ನಿಮ್ಮ ಕಾರಿಗೆ ಕ್ಲಿಯರ್ ಪದರವೇ ಇಲ್ಲ. ಬಣ್ಣವೂ ಹೊಳಪೂ ಒಂದೇ ಪದರದಲ್ಲಿವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಎಲ್ಲವೂ ಹೀಗೆಯೇ ಇದ್ದವು. ಸಾದಾ ಬಿಳಿ ಬಣ್ಣದಲ್ಲಿ ಈ ಪದ್ಧತಿ ಆಮೇಲೂ ಉಳಿಯಿತು. ಬಿಸಿಲಿಗೆ ಅದರ ಮೇಲ್ಮೈ ಸುಟ್ಟು ಪುಡಿಯಾಗಿದೆ, ಕೆಳಗಿನದು ಗಟ್ಟಿಯಾಗಿದೆ. ಈ ರೋಗಕ್ಕೆ ಪಾಲಿಶ್ ನಿಜವಾಗಿಯೂ ಮದ್ದು. ಕಾಂಪೌಂಡ್ ಹಾಕಿಸಿ, ಮೇಲೆ ವ್ಯಾಕ್ಸ್ ಹಚ್ಚಿಸಿ. ನಿಮ್ಮ ಊರಿನ ಬಿಸಿಲಿಗೆ ವ್ಯಾಕ್ಸ್ ಮೂರು ತಿಂಗಳಿಗೊಮ್ಮೆ ಬೇಕಾಗುತ್ತದೆ. ಅಂಚು, ಮೂಲೆ, ಬಾನೆಟ್ಟಿನ ಏಣುಗಳ ಮೇಲೆ ಬಣ್ಣ ತೆಳುವಾಗಿರುತ್ತದೆ; ಅಲ್ಲಿ ಯಂತ್ರ ಬೇಡ, ಕೈಯಲ್ಲೇ ಉಜ್ಜಲಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಅಪಘಾತವಾಗಿ ಬಾನೆಟ್‌ಗೆ ಹೊಸ ಬಣ್ಣ ಹೊಡೆಸಿದ್ದೆವು. ಈಗ ಅದೇ ಬಾನೆಟ್ಟಿನಲ್ಲಿ ಪ್ಲಾಸ್ಟಿಕ್ ಹಾಳೆಯಂತೆ ಅಗಲವಾಗಿ ಕಿತ್ತು ಬರುತ್ತಿದೆ. ಪೇಂಟರ್ ‘ಕಡಲ ಗಾಳಿ, ಉಪ್ಪು’ ಎನ್ನುತ್ತಾರೆ. ಮಿಕ್ಕ ಕಡೆ ಕಂಪನಿ ಬಣ್ಣಕ್ಕೆ ಏನೂ ಆಗಿಲ್ಲ. ಇದಕ್ಕೆ ವಿಮೆ ಸಿಗುತ್ತದೆಯೇ?
– ಗೃಹಿಣಿ, ಕುಂದಾಪುರ

ಉತ್ತರ: ಅಮ್ಮಾ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅದೇ ಗಾಳಿ, ಅದೇ ಉಪ್ಪು ಬಾಗಿಲಿನ ಮೇಲೂ ಕೂತಿದೆ. ಬಾಗಿಲು ಕಿತ್ತು ಬಂದಿಲ್ಲ. ಉಪ್ಪು ತೊಂದರೆ ಕೊಡುವುದು ತಗಡಿಗೆ. ಬಣ್ಣ ಒಡೆದ ಕಡೆ ತುಕ್ಕು ಹಿಡಿಸಿ, ಕೆಳಗಿನಿಂದ ಗುಳ್ಳೆ ಎಬ್ಬಿಸುತ್ತದೆ. ನಿಮ್ಮಲ್ಲಿ ತುಕ್ಕೂ ಇಲ್ಲ, ಗುಳ್ಳೆಯೂ ಇಲ್ಲ. ಬಿಸಿಲಿಗೆ ಹೋಗುವ ಕ್ಲಿಯರ್ ಚೂರು ಚೂರಾಗಿ, ವರ್ಷಗಟ್ಟಲೆ ತೆಗೆದುಕೊಂಡು ಹೋಗುತ್ತದೆ. ಎರಡೇ ವರ್ಷಕ್ಕೆ ಹಾಳೆಯಾಗಿ ಎದ್ದರೆ ಅದು ಎಂದೂ ಅಂಟಿಕೊಂಡಿರಲಿಲ್ಲ ಎಂದೇ ಅರ್ಥ.

ಕಿತ್ತು ಬಂದ ಒಂದು ತುಂಡನ್ನು ತಿರುಗಿಸಿ ನೋಡಿ. ತುಂಡು ಗಾಜಿನಂತೆ ಸ್ವಚ್ಛವಾಗಿದ್ದು ಬಣ್ಣ ಕಾರಿನ ಮೇಲೆಯೇ ಉಳಿದಿದ್ದರೆ, ತಪ್ಪು ಬಣ್ಣ ಮತ್ತು ಕ್ಲಿಯರ್ ನಡುವಿನದು. ಬಣ್ಣ ಹೊಡೆದು ರಾತ್ರಿ ಬಿಟ್ಟು ಮರುದಿನವೋ ಅದರ ಮರುದಿನವೋ ಕ್ಲಿಯರ್ ಹೊಡೆದರೆ ಹೀಗಾಗುತ್ತದೆ, ಏಕೆಂದರೆ ಹಿಡಿದುಕೊಳ್ಳುವ ಅವಧಿ ಮೀರಿರುತ್ತದೆ. ಬಣ್ಣವನ್ನು ದಪ್ಪಗೆ ಸುರಿದು ತಿನ್ನರ್ ಆರುವ ಮುನ್ನವೇ ಕ್ಲಿಯರ್ ಮುಚ್ಚಿದರೂ ಆಗುತ್ತದೆ. ಮಳೆಗಾಲದಲ್ಲಿ ಕಂಪ್ರೆಸರಿನ ಗಾಳಿಯ ಜೊತೆ ನೀರು ಬಂದಿದ್ದರೂ ಆಗುತ್ತದೆ. ಒಂದು ವೇಳೆ ತುಂಡಿನ ಹಿಂಬದಿಗೆ ಬಣ್ಣವೂ ಅಂಟಿಕೊಂಡು ಬಂದು, ಕೆಳಗೆ ನಿಮ್ಮ ಹಳೆಯ ಹೊಳೆಯುವ ಬಣ್ಣವೇ ಕಂಡರೆ, ಅದನ್ನು ಉಜ್ಜದೆ ಹೊಡೆದಿದ್ದಾರೆ. ಹೊಳಪಿನ ಮೇಲೆ ಬಣ್ಣ ಹಿಡಿಯುವುದಿಲ್ಲ, ಗೀರು ಬೇಕು. ಆ ತುಂಡುಗಳನ್ನು ಒಂದು ಲಕೋಟೆಯಲ್ಲಿ ಹಾಕಿಟ್ಟುಕೊಳ್ಳಿ, ಬಾನೆಟ್ಟಿನ ಫೋಟೊ ತೆಗೆದುಕೊಳ್ಳಿ, ಬಿಲ್ಲಿನ ಜೊತೆ ಹೋಗಿ ಮಾತನಾಡಿ. ತುಂಡಿನ ಹಿಂಬದಿ ತೋರಿಸಿದರೆ ಕೆಲಸ ಬಲ್ಲ ಪೇಂಟರ್ ವಾದ ಮಾಡಲಾರ.

ಅಂಟುವ ಕೊಂಡಿ ಎಲ್ಲಿ ತಪ್ಪಿದರೂ ಮೇಲಿನದೆಲ್ಲ ಕಳಚುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. 1980ರ ದಶಕದ ಕೊನೆಯಲ್ಲಿ ಮತ್ತು 1990ರ ದಶಕದ ಆರಂಭದಲ್ಲಿ ತಯಾರಾದ ಅಮೆರಿಕದ ಅನೇಕ ಕಾರು, ಪಿಕಪ್‌ಗಳ ಬಣ್ಣ ಹಾಳೆ ಹಾಳೆಯಾಗಿ ಹಾರಿಹೋಯಿತು. ನಡುವಿನ ಪ್ರೈಮರ್ ಪದರವನ್ನು ಬಿಟ್ಟುಬಿಟ್ಟಿದ್ದು ಅಲ್ಲಿ ಮುಖ್ಯ ಕಾರಣ. ಬಿಸಿಲು ಮೇಲಿನ ಬಣ್ಣವನ್ನು ಹಾದು ಕೆಳಗಿನ ತೊಟ್ಟಿ ಪ್ರೈಮರನ್ನು ಪುಡಿಯಾಗಿಸಿತು. ಮೇಲಿನದು ಗಟ್ಟಿಯಾಗಿದ್ದರೂ ಕಾಲಿಡಲು ನೆಲವಿರಲಿಲ್ಲ.

ವಿಮೆ ಸಿಗುವುದಿಲ್ಲ. ಸವಕಳಿಯನ್ನು ನಮ್ಮ ದೇಶದ ಮೋಟಾರು ಪಾಲಿಸಿಗಳು ಹೊರಗಿಟ್ಟಿವೆ, ಕಳಪೆ ಕೆಲಸಕ್ಕೂ ಅವು ಹಣ ಕೊಡುವುದಿಲ್ಲ. ಮುಂದೆ ಅಪಘಾತದ ಕ್ಲೇಮು ಮಾಡುವಾಗ ಇದೊಂದು ನೆನಪಿರಲಿ: ಸಾಮಾನ್ಯ ಪಾಲಿಸಿಯಲ್ಲಿ ಬಣ್ಣದ ಸಾಮಗ್ರಿಯ ಬೆಲೆಯಲ್ಲಿ ಶೇಕಡಾ 50ರಷ್ಟನ್ನು ಸವಕಳಿ ಎಂದು ಕಳೆಯುತ್ತಾರೆ. ಸಾಮಗ್ರಿ, ಕೂಲಿ ಬೇರೆ ಬೇರೆ ಬರೆಯದೆ ಒಟ್ಟು ಬಿಲ್ ಕೊಟ್ಟಿದ್ದರೆ ಅದರ ಶೇಕಡಾ 25ನ್ನು ಸಾಮಗ್ರಿ ಎಂದು ಲೆಕ್ಕ ಹಿಡಿಯುತ್ತಾರೆ. ಬಿಲ್ ಹೇಗೆ ಬರೆಸಿದರೆ ನಿಮಗೆ ಒಳಿತು ಎಂದು ಗ್ಯಾರೇಜಿನವರ ಜೊತೆ ಮೊದಲೇ ಕೂತು ನೋಡಿ.

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಅಪ್ಪನ ಕಾರಿನ ಬಾನೆಟ್, ಒಂದು ಕನ್ನಡಿಯ ಮುಚ್ಚಳ ಎರಡರಲ್ಲೂ ಹಕ್ಕಳೆ ಎದ್ದಿದೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸ್ಪ್ರೇ ಡಬ್ಬಿಯಿಂದ ನಾನೇ ಸರಿಮಾಡಬೇಕೆಂದಿದ್ದೇನೆ. ಹಾರ್ಡ್ನರ್ ಇರುವ ಕ್ಲಿಯರ್ ಡಬ್ಬಿಯೂ ಸಿಗುತ್ತದಂತೆ. ಎನ್95 ಮಾಸ್ಕ್ ಮನೆಯಲ್ಲಿದೆ.
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ತಮ್ಮಾ, ಕಲಿಯುವ ಆಸೆ ನೋಡಿ ಖುಷಿಯಾಯಿತು. ಕನ್ನಡಿಯ ಮುಚ್ಚಳ ನೀನು ಮಾಡು. ಬಾನೆಟ್ ಬೇಡ. ನೆಲಮಾಳಿಗೆಯಂತೂ ಬೇಡವೇ ಬೇಡ. ಅಲ್ಲಿ ಗಾಳಿ ಆಡುವುದಿಲ್ಲ. ತಿನ್ನರಿನ ಆವಿ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು. ತೇಲಿದ ಬಣ್ಣ ಸಾಲಾಗಿ ನಿಂತ ನೆರೆಯವರ ಕಾರುಗಳ ಮೇಲೆ ಕೂತು ಮರಳು ಮರಳಾಗುತ್ತದೆ.

ಡಬ್ಬಿಗಳಲ್ಲಿ ಎರಡು ಜಾತಿ. ಸಾದಾ ಕ್ಲಿಯರ್ ಡಬ್ಬಿ ಗಾಳಿಗೆ ಒಣಗುವಂಥದ್ದು, ಪೆಟ್ರೋಲ್ ಹನಿ ಬಿದ್ದರೆ ಕರಗುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಬಾನೆಟ್ ಮೇಲೆ ಅದನ್ನು ಹೊಡೆದರೆ ಇನ್ನೊಂದೆರಡು ಬೇಸಿಗೆಯಲ್ಲಿ ಮತ್ತೆ ಇದೇ ಪತ್ರ ಬರೆಯುತ್ತೀಯೆ. ಎರಡನೆಯದು ತಳದ ಗುಂಡಿ ಒತ್ತಿದಾಗ ಒಳಗೇ ಹಾರ್ಡ್ನರ್ ಬೆರೆಯುವಂಥದ್ದು. ಅದು ಗಟ್ಟಿ ಪದರವನ್ನೇ ಕೊಡುತ್ತದೆ. ಆದರೆ ಅದರ ಹಾರ್ಡ್ನರ್ ಎಂದರೆ ಐಸೋಸಯನೇಟ್ ಎಂಬ, ಉಸಿರಾಟಕ್ಕೆ ಅಪಾಯಕಾರಿಯಾದ ರಾಸಾಯನಿಕ. ಎನ್95 ಮಾಸ್ಕ್ ಧೂಳಿನ ಕಣ ತಡೆಯುತ್ತದೆ, ಈ ಆವಿಯನ್ನು ತಡೆಯುವುದಿಲ್ಲ. ಅಪಾಯದ ಮಟ್ಟ ಮುಟ್ಟಿದ ಮೇಲೂ ಇದರ ವಾಸನೆ ಮೂಗಿಗೆ ತಿಳಿಯದಿರಬಹುದು. ‘ವಾಸನೆ ಇಲ್ಲ, ಪರವಾಗಿಲ್ಲ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡ ಇಲ್ಲದೆ ಅದನ್ನು ಮುಟ್ಟಬೇಡ. ಅಂಥ ಮುಖವಾಡ ನಿನ್ನ ಬಳಿ ಇಲ್ಲ, ಆದ್ದರಿಂದ ಆ ಡಬ್ಬಿ ನಿನಗಲ್ಲ.

ಕನ್ನಡಿಯ ಮುಚ್ಚಳವನ್ನು ಹೀಗೆ ಮಾಡು. ಅದನ್ನು ಕಳಚು, ಒಳಗಡೆ ಪ್ಲಾಸ್ಟಿಕ್ ಕೊಂಡಿಗಳಿರುತ್ತವೆ, ತಿಣುಕಿ ಎಳೆದರೆ ಮುರಿಯುತ್ತವೆ. ತೊಳೆದು, ಜಿಡ್ಡು ತೆಗೆದು, ಇಡೀ ಮುಚ್ಚಳದ ಕ್ಲಿಯರ್ ಅನ್ನು 400ರಲ್ಲಿ, ಆಮೇಲೆ 800ರಲ್ಲಿ ನೀರು ಹಾಕಿ ಉಜ್ಜು. ಸಣ್ಣ ವಸ್ತುವಾದ್ದರಿಂದ ಪೂರ್ತಿ ಉಜ್ಜಿ ಪೂರ್ತಿ ಹೊಡೆಯುವುದೇ ಸುಲಭ. ಬರಿಯ ಪ್ಲಾಸ್ಟಿಕ್ ಕಾಣುವ ತನಕ ಹೋದರೆ ಅಲ್ಲಿಗೆ ಪ್ಲಾಸ್ಟಿಕ್ ಪ್ರೈಮರ್ ಬೇಕು. ಕೋಡ್ ಹೇಳಿ ಬಣ್ಣದ ಡಬ್ಬಿ ತರಿಸು. ಟೆರೇಸಿನ ಮೇಲೆ, ನೆರಳಿನಲ್ಲಿ, ಗಾಳಿ ಜೋರಿಲ್ಲದ ಬೆಳಿಗ್ಗೆ ಒಂದು ಅಡಿ ದೂರದಿಂದ ತೆಳುವಾಗಿ ಎರಡು ಮೂರು ಸಲ ಹೊಡೆ. ಪ್ರತಿ ಸಲವೂ ಒದ್ದೆ ಹೊಳಪು ಹೋಗಿ ಮಂಕಾಗುವ ತನಕ ಕಾಯಿ. ಅದೇ ದಿನ ಸಾದಾ ಕ್ಲಿಯರ್ ಎರಡು ಮೂರು ಕೈ. ನೇರ ನಿಂತಿರುವ ಸಣ್ಣ ಮುಚ್ಚಳಕ್ಕೆ ಅದು ಕೆಲಕಾಲ ಸಾಕು. ಇದಕ್ಕೂ ಆವಿ ತಡೆಯುವ ಇದ್ದಿಲ ಕಾರ್ಟ್ರಿಜ್ ಮಾಸ್ಕ್, ಕನ್ನಡಕ, ನೈಟ್ರೈಲ್ ಕೈಗವಸು ಬೇಕೇ ಬೇಕು. ಬಾನೆಟ್ಟಿನ ಹಣ ಉಳಿಸಬೇಕಾದರೆ ಹತ್ತಿರದ ಪೇಂಟರನ್ನು ಕೇಳು. ಉಜ್ಜುವ ಕೆಲಸಕ್ಕೆ ರಜೆಯಲ್ಲಿ ನಿನ್ನನ್ನು ಸೇರಿಸಿಕೊಂಡರೆ ಕಾಲೇಜು ಕಲಿಸದ್ದನ್ನೂ ಕಲಿಯುತ್ತೀಯೆ.

ಪ್ರಶ್ನೆ: ಮಳೆಗಾಲ ಹತ್ತಿರ ಬಂತು. ಬಣ್ಣ ಈಗಲೇ ಹೊಡೆಸಲೇ, ಕಾಯಲೇ? ನಮ್ಮ ಕಾರು ಮಾವಿನ ಮರದಡಿ ನಿಲ್ಲುತ್ತದೆ, ಬಾವಲಿ ಕಾಟವೂ ಇದೆ.
– ಓದುಗರು, ಶಿರಸಿ

ಉತ್ತರ: ಬಿಸಿ ಗಾಳಿಯ ಬೂತ್, ಅಂದರೆ ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆ, ಇರುವ ಕಡೆ ಕೊಡುವುದಾದರೆ ಯಾವ ತಿಂಗಳಾದರೂ ಸರಿ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ ಕೊಡುತ್ತಾರೆ. ತೆರೆದ ಶೆಡ್ಡಾದರೆ ನವೆಂಬರ್ ತನಕ ಕಾಯಿರಿ. ನಾನೂ ಆಷಾಢದಲ್ಲಿ ಬೂತ್ ಇಲ್ಲದೆ ಕ್ಲಿಯರ್ ಹೊಡೆಯುವುದಿಲ್ಲ. ಅಲ್ಲಿಯ ತನಕ ಎದ್ದ ಅಂಚುಗಳಿಗೆ ವ್ಯಾಕ್ಸ್ ಹಚ್ಚಿಡಿ, ಪ್ರೆಷರ್ ವಾಷರಿನ ನೀರನ್ನು ಅತ್ತ ತಿರುಗಿಸಲು ಬಿಡಬೇಡಿ. ಹೊಸ ಬಣ್ಣವಾದ ಮೇಲೆ ಒಂದು ತಿಂಗಳು ವ್ಯಾಕ್ಸ್ ಬೇಡ.

ಮಾವಿನ ಮರದಡಿ ಬೀಳುವ ಅಂಟು ಜಿಗಿಹುಳುವಿನದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬಾವಲಿ, ಹಕ್ಕಿಗಳ ಹಿಕ್ಕೆ ಬಿಸಿಲಿನಲ್ಲಿ ಕಾದ ಕ್ಲಿಯರ್ ಅನ್ನು ಕೆಲವೇ ಗಂಟೆಗಳಲ್ಲಿ ಕೊರೆಯಬಲ್ಲದು. ಒಣ ಬಟ್ಟೆಯಿಂದ ಉಜ್ಜಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹಾಸಿ, ನೆನೆದ ಮೇಲೆ ಎತ್ತಿ. ಧೂಳಿನ ಮೇಲೆ ಹೊದಿಸಿದ ಕವರ್ ಗಾಳಿಗೆ ಬಡಿದಾಡಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಕವರಿಗಿಂತ ನಾಲ್ಕು ಕಂಬದ ತಗಡಿನ ಚಪ್ಪರ ಒಳ್ಳೆಯದು.

ಪ್ರಶ್ನೆ: ನನ್ನ ಗಂಡ ಕಾರ್ ಪೇಂಟರ್. ಕೆಲವು ತಿಂಗಳಿಂದ ರಾತ್ರಿ ಕೆಮ್ಮು, ಎದೆ ಬಿಗಿತ. ಭಾನುವಾರ, ಹಬ್ಬದ ರಜೆಯಲ್ಲಿ ಕಡಿಮೆ ಇರುತ್ತದೆ. ಧೂಳಿನ ಅಲರ್ಜಿ ಎಂದು ಸಿರಪ್ ಕುಡಿಯುತ್ತಾರೆ. ಕರವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡುತ್ತಾರೆ. ನಿಮ್ಮ ಅಂಕಣದಲ್ಲಿ ಕೇಳಬಹುದಾದ ಪ್ರಶ್ನೆಯೋ ಅಲ್ಲವೋ ತಿಳಿಯದು.
– ಗೃಹಿಣಿ, ಗದಗ

ಉತ್ತರ: ತಂಗೀ, ಈ ಅಂಕಣದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬಂದಿಲ್ಲ. ರಜೆಯ ದಿನ ಕಡಿಮೆಯಾಗಿ ಕೆಲಸದ ದಿನ ಹೆಚ್ಚುವ ಕೆಮ್ಮು ಕೆಲಸದಿಂದಲೇ ಬಂದದ್ದು ಎಂದು ಶಂಕಿಸಬೇಕು. ಮೇಲಿನ ವಿದ್ಯಾರ್ಥಿಗೆ ಹೇಳಿದ ಅದೇ ಐಸೋಸಯನೇಟ್ ಪೇಂಟರುಗಳಲ್ಲಿ ಆಸ್ತಮಾ ತರುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಕೆಲಸ ಮುಗಿಸಿ ಮನೆಗೆ ಬಂದ ಎಷ್ಟೋ ಹೊತ್ತಿನ ಮೇಲೆ, ರಾತ್ರಿ, ಎದೆ ಹಿಡಿಯುವುದೂ ಅದರ ರೀತಿ. ಒಮ್ಮೆ ದೇಹ ಅದಕ್ಕೆ ತಿರುಗಿಬಿದ್ದರೆ ಆಮೇಲೆ ತೀರಾ ಸ್ವಲ್ಪ ಆವಿ ತಾಗಿದರೂ ಉಬ್ಬಸ ಬರುತ್ತದೆ. ಇನ್ನೂ ಸಹಿಸಿಕೊಂಡು ಹೋದರೆ ಗುಣವಾಗುವ ಕಾಲ ಮೀರಬಹುದು.

ಕರವಸ್ತ್ರದಿಂದ ಏನೂ ಪ್ರಯೋಜನವಿಲ್ಲ. ಇದ್ದಿಲ ಕಾರ್ಟ್ರಿಜ್ ಮಾಸ್ಕೂ ಗಡ್ಡವಿದ್ದರೆ, ಕಾರ್ಟ್ರಿಜ್ ಹಳೆಯದಾದರೆ ಸೋರುತ್ತದೆ, ಸೋರಿದ್ದು ಗೊತ್ತೂ ಆಗುವುದಿಲ್ಲ. ಗನ್ ಹಿಡಿಯುವವನಿಗೆ ಕೊಳವೆಯಲ್ಲಿ ಹೊರಗಿನ ಶುದ್ಧ ಗಾಳಿ ಬರುವ ಮುಖವಾಡವೇ ಆಗಬೇಕು. ಚರ್ಮಕ್ಕೆ ತಾಗಿದರೂ ತೊಂದರೆ, ಆದ್ದರಿಂದ ಕೈಗವಸು, ಪೂರ್ತಿ ತೋಳಿನ ಅಂಗಿ. ಶೆಡ್ ನಡೆಸುವ ನನ್ನ ಸಹೋದ್ಯೋಗಿಗಳನ್ನು ಕೈಮುಗಿದು ಕೇಳುತ್ತೇನೆ: ಹೊಸ ಗನ್ ಕೊಳ್ಳುವ ಮುನ್ನ ಹುಡುಗರಿಗೆ ಆ ಮುಖವಾಡ ಕೊಳ್ಳಿ. ಗಿರಾಕಿಗಳೂ ಗಾಡಿ ಬಿಡುವಾಗ ‘ನಿಮ್ಮ ಹುಡುಗರು ಏನು ಹಾಕಿಕೊಂಡು ಸ್ಪ್ರೇ ಮಾಡುತ್ತಾರೆ’ ಎಂದು ಕೇಳಬೇಕು. ಅದಕ್ಕಾಗಿ ಬಿಲ್ ಸ್ವಲ್ಪ ಹೆಚ್ಚಾದರೆ ಕೊಡಬೇಕು.

ನಿಮ್ಮ ಯಜಮಾನರು ಸದ್ಯಕ್ಕೆ ಸ್ಪ್ರೇ ಕೆಲಸ ನಿಲ್ಲಿಸಲಿ, ಬೇರೆಯವರು ಸ್ಪ್ರೇ ಮಾಡುವಾಗ ಅದೇ ಶೆಡ್ಡಿನೊಳಗೆ ನಿಲ್ಲುವುದೂ ಬೇಡ. ಬಣ್ಣದ ಕಣ್ಣಿರುವವರಿಗೆ ಅಂಗಡಿಯಲ್ಲಿ ಬಣ್ಣ ಹೊಂದಿಸುವ ಶೇಡ್ ಮ್ಯಾಚಿಂಗ್ ಕೆಲಸವಿದೆ, ತಗಡಿನ ನಗ್ಗು ಸರಿಮಾಡುವ ಟಿಂಕರಿಂಗ್ ಇದೆ. ಕೈಯಲ್ಲಿನ ವಿದ್ಯೆ ಹಾಳಾಗುವುದಿಲ್ಲ. ಶ್ವಾಸಕೋಶದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇಎಸ್‌ಐ ಕಾರ್ಡ್ ಇದ್ದರೆ ಅದನ್ನೂ ಒಯ್ಯಿರಿ. ‘ಕೆಮ್ಮು’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಕಾರಿಗೆ ಹಾರ್ಡ್ನರ್ ಬೆರೆಸಿದ ಬಣ್ಣ ಹೊಡೆಯುತ್ತಾರೆ, ಎಷ್ಟು ವರ್ಷದಿಂದ ಹೊಡೆಯುತ್ತಿದ್ದಾರೆ, ಯಾವ ದಿನ ಹೆಚ್ಚು ಯಾವ ದಿನ ಕಡಿಮೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಾರ್ಡ್ನರ್ ಡಬ್ಬದ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ತೆಗೆದು ವೈದ್ಯರಿಗೆ ತೋರಿಸಿ. ಈ ಸಂಚಿಕೆ ನಿಮ್ಮ ಕೈಸೇರಿದ ಮರುದಿನವೇ ಹೋಗಿ.